ಆನ್‌ಲೈನ್ ಅರ್ಜಿ: ಮಾಹಿತಿ ತಪಾಸಣೆ

ಆನ್‌ಲೈನ್ ಅರ್ಜಿಯಲ್ಲಿ ತುಂಬಿದ ಮಾಹಿತಿಯನ್ನು ಪರೀಕ್ಷಿಸಿ, ತಪ್ಪಿದ್ದರೆ ತಿದ್ದಲು ಅವಕಾಶ ಕೊಡುವ ವ್ಯವಸ್ಥೆ. ಸೇವಾಸಿಂಧು, ನಾಡಕಚೇರಿ ಸೇವೆಗಳು ಆನ್‌ಲೈನ್ ಆದ ಮೇಲೆ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಂಥ ಊರಿನವರಿಗೂ ಇದು ನಿತ್ಯದ ವಿಷಯ.

ವಿಧಾನ: ತಪಾಸಣೆ ಬ್ರೌಸರ್‌ನಲ್ಲೂ ಸರ್ವರ್‌ನಲ್ಲೂ ನಡೆಯುತ್ತದೆ. ಬ್ರೌಸರ್‌ನದನ್ನು ತಪ್ಪಿಸಿಕೊಂಡು ಹೋಗಬಹುದಾದ್ದರಿಂದ ಸರ್ವರ್‌ನದು ಕಡ್ಡಾಯ. ಪ್ರತಿ ಅಂಕಣಕ್ಕೂ ಅದರದೇ ನಿಯಮ: ಪಿನ್‌ಕೋಡ್‌ಗೆ 6 ಅಂಕಿ (ಕಡೂರು 577548). ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಸಂಕೇತಕ್ಕೆ 11 ಅಕ್ಷರ, ಐದನೆಯದು ಸೊನ್ನೆ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ವರ್ಹೋಫ್ ಸೂತ್ರದ ತಾಳೆ ಅಂಕಿ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ತಪ್ಪು ಸಿಕ್ಕಿಬೀಳುತ್ತದೆ.

ಕನ್ನಡದ ಸಮಸ್ಯೆಗಳು: ಯೂನಿಕೋಡ್‌ನಲ್ಲಿ ಸ್ವರಚಿಹ್ನೆ, ಹಲಂತ ಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿವೆ. ‘ಅಕ್ಷರ ಮಾತ್ರ’ ಎಂಬ ಬಿಗಿ ನಿಯಮ ‘ಲಕ್ಷ್ಮಿ’ ಎಂಬ ಹೆಸರನ್ನೇ ತಿರಸ್ಕರಿಸಬಹುದು. ಇನಿಷಿಯಲ್ ಮಾತ್ರ ಇರುವವರಿಗೆ ಮನೆತನದ ಹೆಸರು ಕಡ್ಡಾಯ ಮಾಡುವುದು ತಪ್ಪು. ಪಿನ್‌ಕೋಡನ್ನು ಕನ್ನಡ ಅಂಕಿಗಳಲ್ಲಿ ೫೭೭೫೪೮ ಎಂದು ಬರೆದರೆ ನಿರಾಕರಿಸದೆ 577548 ಎಂದು ಪರಿವರ್ತಿಸಿಕೊಳ್ಳಬೇಕು.

ತಪ್ಪಿನ ಸೂಚನೆ: ‘ಅಮಾನ್ಯ’ ಎಂದಷ್ಟೇ ಹೇಳಿದರೆ ಸಾಲದು. ‘ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು, ನೀವು 5 ಬರೆದಿದ್ದೀರಿ’ ಎಂದು ಆಯಾ ಅಂಕಣದ ಪಕ್ಕದಲ್ಲೇ ತಿಳಿಸಬೇಕು. ತುಂಬಿದ ಉಳಿದ ಮಾಹಿತಿ ಅಳಿಸಿಹೋಗಬಾರದು. ಅರ್ಜಿದಾರರ ಭಾಷೆಯಲ್ಲಿ ತಪ್ಪನ್ನು ತಿಳಿಸಿ ತಿದ್ದಿಸುವ ಅರ್ಜಿಯೇ ಒಳ್ಳೆಯ ಅರ್ಜಿ.