ಕೀಲಿಕೈ ಯಾರ ಬಳಿ? ಅರ್ಬುತ್‌ನಾಟ್‌ನಿಂದ ಕ್ರಿಪ್ಟೊವರೆಗೆ ಮದರಾಸಿನ ಪಾಠ

1906ರ ಅಕ್ಟೋಬರ್ 22ರಂದು ಮದರಾಸಿನ ಅರ್ಬುತ್‌ನಾಟ್ ಅಂಡ್ ಕಂಪನಿ ದಿವಾಳಿಯೆದ್ದಿತು. ಪ್ಯಾರಿ, ಬಿನ್ನಿಗಳ ಸಾಲಿನಲ್ಲಿ ಎಣಿಕೆಯಾಗುತ್ತಿದ್ದ ಆ ಸಂಸ್ಥೆಯಲ್ಲಿ ಸಾವಿರಾರು ಮಂದಿ ಠೇವಣಿಯಿಟ್ಟಿದ್ದರು. ಅವರು ನಂಬಿದ್ದು ಒಂದು ಹೆಸರನ್ನು; ತಮ್ಮ ಹಣ ಎಲ್ಲಿ ಹೂಡಿಕೆಯಾಗುತ್ತಿದೆಯೆಂಬುದು ಅವರಿಗೆ ಕಾಣುತ್ತಿರಲಿಲ್ಲ. ಸಂಸ್ಥೆಯ ಮುಖ್ಯಸ್ಥ ಸರ್ ಜಾರ್ಜ್ ಅರ್ಬುತ್‌ನಾಟ್‌ಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. ಆದರೆ ಶಿಕ್ಷೆಯಿಂದ ಠೇವಣಿ ಮರಳುವುದಿಲ್ಲ.

ಆ ಆಘಾತಕ್ಕೆ ಮದರಾಸು ನೀಡಿದ ಉತ್ತರ ಗಮನಾರ್ಹವಾದುದು. ಹಣವನ್ನು ಮನೆಯ ನೆಲದಲ್ಲಿ ಹೂಳುವುದೇ ಲೇಸೆಂದು ಜನ ಸುಮ್ಮನಾಗಲಿಲ್ಲ. ಸಾಲಿಗರ ಪರ ನಿಂತಿದ್ದ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರು ಮುಂದಾಗಿ, 1907ರ ಆಗಸ್ಟ್ 15ರಂದು ಇಂಡಿಯನ್ ಬ್ಯಾಂಕ್ ವಹಿವಾಟು ಆರಂಭಿಸುವಂತೆ ಮಾಡಿದರು. ಕಾನೂನು ಮಾತ್ರ ನಿಧಾನವಾಗಿ ಬಂದಿತು. ಬ್ಯಾಂಕಿಂಗ್ ಕಂಪನಿಗಳ ಕಾಯಿದೆ ಬಂದದ್ದು 1949ರಲ್ಲಿ. ಠೇವಣಿ ವಿಮೆ ಬಂದದ್ದು, ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಚ್ಚಿದ ಮೇಲೆ, 1962ರಲ್ಲಿ. ಪ್ರತಿ ರಕ್ಷಣೆಯ ಹಿಂದೆಯೂ ಯಾರೋ ಕಳೆದುಕೊಂಡ ಗಂಟಿದೆ.

ಅದೇ ಪ್ರಶ್ನೆ 2025ರ ಅಕ್ಟೋಬರಿನಲ್ಲಿ ಹೊಸ ವೇಷದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಚೆನ್ನೈನ ಹೂಡಿಕೆದಾರರೊಬ್ಬರು 2024ರ ಜನವರಿಯಲ್ಲಿ ವಜೀರ್‌ಎಕ್ಸ್ ವಿನಿಮಯ ಕೇಂದ್ರದ ಮೂಲಕ ₹1,98,516 ತೆತ್ತು ಎಕ್ಸ್‌ಆರ್‌ಪಿ ನಾಣ್ಯಗಳನ್ನು ಕೊಂಡಿದ್ದರು. ಅದೇ ವರ್ಷದ ಜುಲೈ 18ರಂದು ಕೇಂದ್ರದ ಒಂದು ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಆಸ್ತಿ ಕಳುವಾಯಿತು. ಹಲವರ ಸಹಿ ಕೂಡಿದರಷ್ಟೇ ತೆರೆಯಬೇಕಿದ್ದ ವ್ಯಾಲೆಟ್ ಅದು. ಕದ್ದದ್ದು ಈಥೀರಿಯಂ ಮತ್ತು ಅದರ ಜಾಲದ ಟೋಕನ್‌ಗಳನ್ನು. ಆದರೂ ಎಲ್ಲರ ಖಾತೆಗಳೂ ಸ್ತಬ್ಧವಾದವು. ಸಿಂಗಪುರದ ಮಾತೃಸಂಸ್ಥೆಯ ಪುನರ್ರಚನಾ ಯೋಜನೆಯಂತೆ ನಷ್ಟವನ್ನು ಎಲ್ಲ ಬಳಕೆದಾರರೂ ಹಂಚಿಕೊಳ್ಳಬೇಕೆಂಬುದು ಪ್ರತಿವಾದ.

ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅದನ್ನು ಒಪ್ಪಲಿಲ್ಲ. ಕ್ರಿಪ್ಟೋಕರೆನ್ಸಿ ಮುಟ್ಟಬಹುದಾದ ವಸ್ತುವಲ್ಲ, ಚಲಾವಣೆಯ ಹಣವೂ ಅಲ್ಲ. ಆದರೂ ಅನುಭೋಗಿಸಬಹುದಾದ, ನ್ಯಾಸವಾಗಿ ಇರಿಸಬಹುದಾದ ಆಸ್ತಿ ಎಂದರು. ಮಧ್ಯಸ್ಥಿಕೆ ಮುಗಿಯುವವರೆಗೆ ₹9,56,000ಕ್ಕೆ ಭದ್ರತೆ ಒದಗಿಸಬೇಕೆಂದೂ ಆದೇಶಿಸಿದರು. ‘ನ್ಯಾಸ’ ಎಂಬ ಮಾತಿನ ತೂಕ ದೊಡ್ಡದು: ಅನ್ಯರ ಸೊತ್ತನ್ನು ಕಾಯುವವನು ಅದರ ಒಡೆಯನಾಗಲಾರ.

ಇಂತಹ ಕಾವಲುಗಾರನೇ ಬೇಡವೆನ್ನುವುದು ನಾನ್-ಕಸ್ಟೋಡಿಯಲ್ ವ್ಯಾಲೆಟ್‌ನ ತತ್ತ್ವ. ಇಲ್ಲಿ ಖಾಸಗಿ ಕೀಲಿ ಒಡೆಯನ ಬಳಿಯಲ್ಲೇ ಇರುತ್ತದೆ; ಸಾಮಾನ್ಯವಾಗಿ ಹನ್ನೆರಡು ಅಥವಾ ಇಪ್ಪತ್ನಾಲ್ಕು ಪದಗಳ ಸರಣಿಯಿಂದ ಅದನ್ನು ಮರಳಿ ಪಡೆಯಬಹುದು. ವಿನಿಮಯ ಕೇಂದ್ರ ಮುಳುಗಿದರೂ ಆ ಸೊತ್ತಿಗೆ ಚ್ಯುತಿಯಿಲ್ಲ. ಆದರೆ ಪದಗಳು ಕಳೆದುಹೋದರೆ, ಅಥವಾ ಠಕ್ಕರ ಮಾತಿಗೆ ಮರುಳಾಗಿ ಹೇಳಿಬಿಟ್ಟರೆ, ಮೊರೆಯಿಡಲು ಬಾಗಿಲೇ ಇರುವುದಿಲ್ಲ. ಒಡೆಯ ಯಾರಿಗೂ ತಿಳಿಸದೆ ತೀರಿಕೊಂಡರೆ ವಾರಸುದಾರರ ಗತಿಯೂ ಅದೇ.

ನಿಯಮಗಳೂ ಮುಖ್ಯವಾಗಿ ಕಾವಲುಗಾರನನ್ನೇ ನೋಡುತ್ತವೆ. 2023ರ ಮಾರ್ಚ್ 7ರ ಅಧಿಸೂಚನೆಯು ಪರರ ಪರವಾಗಿ ಡಿಜಿಟಲ್ ಆಸ್ತಿಗಳನ್ನು ವಿನಿಮಯಿಸುವ, ವರ್ಗಾಯಿಸುವ, ಕಾಪಿಡುವ ಉದ್ಯಮಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತಂದಿತು. ಅವು ಗ್ರಾಹಕರ ಗುರುತು ಪರಿಶೀಲಿಸಬೇಕು, ಸಂಶಯಾಸ್ಪದ ವಹಿವಾಟನ್ನು ವರದಿ ಮಾಡಬೇಕು. ತಂತ್ರಾಂಶವನ್ನಷ್ಟೇ ಕೊಟ್ಟು ಕೀಲಿಯನ್ನು ಮುಟ್ಟದವರ ಹೆಸರನ್ನು ಅಧಿಸೂಚನೆ ಎತ್ತುವುದಿಲ್ಲ. ಆದಾಯ ತೆರಿಗೆ ಮಾತ್ರ ಈ ಭೇದವನ್ನೆಣಿಸದು: ಕೀಲಿ ಯಾರ ಬಳಿಯಿದ್ದರೂ 2022ರ ಹಣಕಾಸು ಕಾಯಿದೆಯಂತೆ ಲಾಭದ ಮೇಲೆ ಶೇಕಡಾ 30ರ ತೆರಿಗೆಯುಂಟು.

ಹೀಗೆ ಎರಡು ಭಯಗಳ ನಡುವೆ ನಾವಿದ್ದೇವೆ: ಕಾವಲುಗಾರನ ಭಯ ಒಂದು, ಕಾವಲೇ ಇಲ್ಲದ ಭಯ ಇನ್ನೊಂದು. ಕೀಲಿಯನ್ನು ತಾವೇ ಇಟ್ಟುಕೊಳ್ಳುವ ಹಕ್ಕನ್ನು ನಾವು ಗೌರವಿಸುತ್ತೇವೆ. ಆದರೆ ಆ ಹಕ್ಕನ್ನು ಭದ್ರತೆಯೆಂದು ಭ್ರಮಿಸಲಾಗದು. 1907ರ ಮದರಾಸು ಕಂಡುಕೊಂಡದ್ದು ಹೊಣೆ ಹೊರುವ ಸಂಸ್ಥೆಯನ್ನು. ಕಾಪಿಡುವವನಿಗೆ ನ್ಯಾಸದ ಹೊಣೆ, ತಾನೇ ಕಾಪಿಡುವವನಿಗೆ ತಿಳಿವಳಿಕೆ: ಇವೆರಡನ್ನೂ ಕೊಡುವ ಕಾನೂನು ಇನ್ನೊಂದು ದಿವಾಳಿಯ ನಂತರ ಬರುವುದಕ್ಕಿಂತ ಮೊದಲೇ ಬರುವುದು ಮೇಲು.