ಮತ್ತು ಸಂಗಡಿಗರು

ಬಾನುಲಿಯಲ್ಲಿ ಜಾನಪದ ಸಂಗೀತವನ್ನು ಕೇಳುವ ಅಭ್ಯಾಸವುಳ್ಳವರಿಗೆ ಒಂದು ಮಾತು ಚಿರಪರಿಚಿತ. ಹಾಡು ಮುಗಿದೊಡನೆ ಉದ್ಘೋಷಕರು, "ಹಾಡಿದವರು ಇಂಥವರು ಮತ್ತು ಸಂಗಡಿಗರು" ಎನ್ನುತ್ತಾರೆ. ಮುಂದಿನ ಕ್ಷಣಕ್ಕೆ ಬೇರೆ ಕಾರ್ಯಕ್ರಮ. ನಾನೂ ಬಹುಕಾಲ ಆ ಮಾತನ್ನು ಕೇಳಿಯೂ ಕೇಳದವನಂತೆ ಇದ್ದೆ. ಇಂದು ನಾನು ಹೇಳಹೊರಟಿರುವುದು ನಮ್ಮ ಮಂಡ್ಯದ ಸೀಮೆಯಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ಮೇಳದ ಮುಂದಾಳಿನ ಬದುಕನ್ನು ಕುರಿತು. ಆದರೆ ಮುಂದಾಳಿನ ಬದುಕನ್ನು ಹೇಳಹೊರಟರೆ ಆ 'ಸಂಗಡಿಗರು' ಎಂಬ ಮಾತು ಮತ್ತೆ ಮತ್ತೆ ಅಡ್ಡ ಬರುತ್ತದೆ.

ನನ್ನ ಊರಿರುವುದು ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಲ್ಲಿ. ಸುಗ್ಗಿ ಮುಗಿಯುವ ಹೊತ್ತಿಗೆ ತಂಬೂರಿಯವರ ಮೇಳ ಬರುತ್ತಿತ್ತು. ಮೂವರೋ ನಾಲ್ವರೋ ಇರುತ್ತಿದ್ದರು. ಹಗಲೆಲ್ಲ ಕಣದಿಂದ ಕಣಕ್ಕೆ ಹೋಗಿ ರಾಗಿ ಬೇಡುವುದು, ರಾತ್ರಿ ಊರೊಟ್ಟಿನ ಜಗಲಿಯ ಮೇಲೆ ಕಂಬಳಿ ಹಾಸಿ ಹಾಡುವುದು. ಮಕ್ಕಳಾದ ನಾವು ಮುಂದಿನ ಸಾಲಿನಲ್ಲಿ ಕುಳಿತು, ಅರ್ಧ ಕಥೆಗೆ ನಿದ್ದೆ ಹೋಗಿ, ಡಿಕ್ಕಿಯ ಬಡಿತ ಜೋರಾದಾಗ ಎದ್ದು, ಮತ್ತೆ ಮಲಗುತ್ತಿದ್ದೆವು. ಆದ್ದರಿಂದ ನನ್ನ ಬಾಲ್ಯದ ಮಂಟೇಸ್ವಾಮಿಯ ಕಥೆಯಲ್ಲಿ ನಡುನಡುವೆ ದೊಡ್ಡ ದೊಡ್ಡ ಕಂದಕಗಳಿವೆ. ಅವನ್ನು ತುಂಬಿಕೊಂಡದ್ದು ಅಚ್ಚಾದ ಪುಸ್ತಕಗಳಿಂದ.

ಈ ಹಾಡುಗಾರರನ್ನು ನೀಲಗಾರರೆಂದು ಕರೆಯುತ್ತಾರೆ. ಹಲವು ಜಾತಿಗಳಿಂದ ಬಂದವರುಂಟು, ಹೆಚ್ಚಿನವರು ದಲಿತರು. ಹುಟ್ಟಿನಿಂದಲೇ ಯಾರೂ ನೀಲಗಾರರಾಗುವುದಿಲ್ಲ, ದೀಕ್ಷೆಯಾಗಬೇಕು. ಹರಕೆ ಹೊತ್ತ ತಂದೆತಾಯಿಗಳು ಮಗನೊಬ್ಬನನ್ನು ಗುರುವಿಗೆ ಒಪ್ಪಿಸುತ್ತಾರೆ. ಹಾಗೆ ಒಪ್ಪಿಸಿಕೊಳ್ಳುವ ಕಥೆಯೇ ಕಾವ್ಯದ ನಡುಮನೆಯಲ್ಲಿದೆ ಎಂಬುದು ಗಮನಿಸತಕ್ಕ ಸಂಗತಿ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಕೊಡೆಂದು ಕೇಳುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಗುರು ಬಿಡುವುದಿಲ್ಲ. ಕಡೆಗೆ ಕೆಂಪಾಚಾರಿ ಸಿದ್ಧಪ್ಪಾಜಿಯಾಗುತ್ತಾನೆ. ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ, ತನ್ನ ಕುಲದವರೇ ಆದ ಪಾಂಚಾಳರಲ್ಲಿಗೆ, ಕಬ್ಬಿಣದ ಭಿಕ್ಷಕ್ಕೆ ಹೋಗುತ್ತಾನೆ. ಅವರಿಕ್ಕಿದ ವಿಷವನ್ನೂ ಉಂಡು ಗೆಲ್ಲುತ್ತಾನೆ. ಕಥೆ ಕಲ್ಯಾಣ ಪಟ್ಟಣದಲ್ಲಿ, ಬಸವಣ್ಣನವರ ಶರಣರನ್ನು ಪರೀಕ್ಷಿಸುವಲ್ಲಿ ಮೊದಲಾದರೂ, ಅದು ಬಂದು ನೆಲೆಯೂರುವುದು ನಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ಊರುಗಳಲ್ಲಿ. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪಗೌಡನಪುರ ಮಳವಳ್ಳಿ ತಾಲ್ಲೂಕಿನದೇ. ರಾಚಪ್ಪಾಜಿಯದು ಕಾವೇರಿ ತೀರದ ಕಪ್ಪಡಿ. ಸಿದ್ಧಪ್ಪಾಜಿಯದು ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು.

ಮುಂದಾಳಿನ ವಿದ್ಯಾಭ್ಯಾಸ ನಡೆಯುವುದು ಈ ಊರುಗಳ ಜಾತ್ರೆಗಳಲ್ಲಿ. ಪುಷ್ಯ ಮಾಸದ ಹುಣ್ಣಿಮೆಯಂದು ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತಿಕೊಂಡಿತೆಂದರೆ ಐದು ದಿನ ಜಾತ್ರೆ. ಮರದ ಬುಡಕ್ಕೊಂದು ಮೇಳ. ಕಲಿಯುವ ಹುಡುಗ ಒಂದು ಮರದಿಂದ ಇನ್ನೊಂದಕ್ಕೆ ನಡೆದಾಡಿ ಕಿವಿ ತುಂಬಿಕೊಳ್ಳುತ್ತಾನೆ. ಶಿವರಾತ್ರಿಯ ಹೊತ್ತಿಗೆ ಕಪ್ಪಡಿಯಲ್ಲಿ ಮತ್ತೆ ಅದೇ ಪಾಠ. ಮನೆಯ ಪಾಠವಾದರೋ ಹಿಮ್ಮೇಳದಲ್ಲಿ. ಮೊದಲು ತಾಳ, ಆಮೇಲೆ ಡಿಕ್ಕಿ. ಮುಂದಾಳು ಎತ್ತಿಕೊಟ್ಟ ಸೊಲ್ಲನ್ನು ಹಿಡಿದು ತಿರುಗಿ ಕೊಡುವುದು; ಆತ ಹಾಡು ನಿಲ್ಲಿಸಿ ಮಾತಿನಲ್ಲಿ ಕಥೆ ಹೇಳುವಾಗ ಹೂಂಗುಟ್ಟುವುದು. ವರ್ಷಗಟ್ಟಲೆ ಹೀಗೆ ಹೂಂಗುಟ್ಟಿದವನಿಗೆ ಕಾವ್ಯವೆಲ್ಲ ಸಾಲು ಸಾಲಾಗಿ ಒಳಗಿಳಿದಿರುತ್ತದೆ. ಸಾಲು ಎಂದರೆ ಇಲ್ಲಿ ಪಂಕ್ತಿಯಲ್ಲ, ಕಥೆಯ ಒಂದು ಕಾಂಡ. ಕಲ್ಯಾಣದ ಸಾಲು, ಕೆಂಪಾಚಾರಿಯ ಸಾಲು, ಹೀಗೆ. ಒಂದು ರಾತ್ರಿಗೆ ಒಂದು ಸಾಲು ಮುಗಿದರೆ ಹೆಚ್ಚು.

ಒಂದು ದಿನ ಮುಂದಾಳಿನ ಗಂಟಲು ಕಟ್ಟುತ್ತದೆ, ಇಲ್ಲವೇ ಆತನಿಗೆ ವಯಸ್ಸಾಗುತ್ತದೆ. ತಂಬೂರಿ ಇವನ ಹೆಗಲಿಗೆ ಬರುತ್ತದೆ. ಒಂದು ಕೈಬೆರಳು ತಂಬೂರಿಯ ತಂತಿಯ ಮೇಲೆ, ಇನ್ನೊಂದು ಕೈಯಲ್ಲಿ ಗಗ್ಗರ. ಶ್ರುತಿಯೂ ಲಯವೂ ಒಬ್ಬನ ಮೈಯಲ್ಲೇ. ನೋಡುವವರಿಗೆ ಈತ ಒಂಟಿಯಾಗಿ ಹಾಡುತ್ತಿರುವಂತೆ ಕಾಣುವುದು ಸಹಜ. ನಿಜವಾಗಿ ಆತ ಎರಡು ಕೆಲಸ ಮಾಡುತ್ತಿರುತ್ತಾನೆ. ಹಾಡುವುದು ಒಂದು. ಹಿಮ್ಮೇಳ ಸೊಲ್ಲು ಹಿಡಿದಿರುವ ಆ ಅರ್ಧ ನಿಮಿಷದಲ್ಲಿ ಮುಂದಿನದನ್ನು ಕಟ್ಟಿಕೊಳ್ಳುವುದು ಮತ್ತೊಂದು. ಸಂಗಡಿಗರು ಸೊಲ್ಲನ್ನು ಎಷ್ಟು ಎಳೆದರೆ ಅಷ್ಟು ಉಸಿರು ಆತನಿಗೆ. ಮಾತು ತೋಚದೆ ಹೋದಾಗ ಕಣ್ಣಿನಲ್ಲೇ ಒಂದು ಸನ್ನೆ. ಹಿಮ್ಮೇಳದ ಹಿರಿಯ ಇನ್ನೊಂದು ಸುತ್ತು ಹಾಡಿಬಿಡುತ್ತಾನೆ. ಕೇಳುವ ನಮಗೆ ಅದು ಅಲಂಕಾರ, ಅವರಿಗೆ ಊರುಗೋಲು. ಮೌಖಿಕ ಕಾವ್ಯದ ರಚನೆಯನ್ನು ಕುರಿತು ವಿದ್ವಾಂಸರು ಬರೆದದ್ದನ್ನು ನಾನು ಓದಿದ್ದೇನೆ. ನನಗೆ ಅದು ಅರ್ಥವಾದದ್ದು ಮಾತ್ರ ಈ ಸನ್ನೆಯನ್ನು ಕಂಡ ಮೇಲೆ.

ಇನ್ನು ಜೀವನೋಪಾಯದ ಮಾತು. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯಾಗಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತಷ್ಟೆ. ನೀರು ಬಂದ ಊರುಗಳಲ್ಲಿ ಮೇಳಕ್ಕೆ ಭತ್ತವೂ ಬೆಲ್ಲವೂ ಸಿಕ್ಕುತ್ತಿತ್ತು, ಬಾರದ ಊರುಗಳಲ್ಲಿ ರಾಗಿ. ಆದರೆ ಕಬ್ಬಿಗೆ ಕಣವಿಲ್ಲ. ಗಾಡಿ ತುಂಬಿ ಕಾರ್ಖಾನೆಗೆ ಹೋದ ಬೆಳೆಯಲ್ಲಿ ತಂಬೂರಿಯವರ ಪಾಲನ್ನು ಅಳೆದುಕೊಡುವ ಮೊರವೆಲ್ಲಿ? ಈ ಸಣ್ಣ ಸಂಗತಿಯನ್ನು ನನಗೆ ಹೇಳಿದವರು ಒಬ್ಬ ಮುಂದಾಳೇ. ನಾನಾಗಿ ಯೋಚಿಸಿದ್ದಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ರಾತ್ರಿ ಆತ ಕೊಟ್ಟ ಕಪ್ಪು ಧೂಳ್ತವನ್ನು ನಮ್ಮ ಮನೆಯ ಹೆಂಗಸರು ಕಣ್ಣಿಗೊತ್ತಿಕೊಂಡು ಹಣೆಗಿಡುತ್ತಿದ್ದರು. ಬೆಳಗಾದ ಮೇಲೆ ಅದೇ ಮನುಷ್ಯ ಹಿತ್ತಿಲ ಕಡೆಯಿಂದ ಬಂದು, ದೂರದಲ್ಲಿ ನಿಂತು, "ಬುದ್ಧೀ" ಎಂದು ಕೂಗಬೇಕಾಗಿತ್ತು. ಕುಲವನ್ನು ಹೀಗಳೆದವರ ಗರ್ವವನ್ನು ಮಂಟೇಸ್ವಾಮಿ ಮುರಿದ ಕಥೆಯನ್ನು ನಾವು ಹಿಂದಿನ ರಾತ್ರಿಯಷ್ಟೇ ಮೆಚ್ಚಿ ತಲೆದೂಗಿದ್ದೆವು.

ಈಗ ಸ್ವಲ್ಪ ದೂರದ ದೇಶಕ್ಕೆ ಹೋಗಬೇಕಾಗಿದೆ. ನಮ್ಮವರ ಸ್ಥಿತಿಯನ್ನು ಅಳೆಯಲು ನನಗೆ ಸಿಕ್ಕಿದ ಅಳತೆಗೋಲು ಅಲ್ಲಿದೆ. ಅಮೆರಿಕದ ಟೆಕ್ಸಾಸಿನಲ್ಲಿ ಬಾಬ್ ವಿಲ್ಸ್ ಎಂಬ ಹಳ್ಳಿಗಾಡಿನ ಸಂಗೀತಗಾರರಿದ್ದರು. ಜನನ 1905. ತಂದೆಯೂ ತಾತನೂ ಪಿಟೀಲು ಬಾರಿಸುತ್ತಿದ್ದವರು. ಹತ್ತಿಯ ಹೊಲಗಳಲ್ಲಿ ಕರಿಯ ಕೂಲಿಗಳ ಜೊತೆ ಕೆಲಸ ಮಾಡುತ್ತ ಅವರ ಹಾಡುಗಳನ್ನೂ ಕಲಿತ ಈತ, ಮುಂದೆ ತಮ್ಮದೇ ಒಂದು ವಾದ್ಯಮೇಳ ಕಟ್ಟಿ, ಹಿಟ್ಟಿನ ವ್ಯಾಪಾರಿಗಳ ಪ್ರಾಯೋಜನೆಯಲ್ಲಿ ರೇಡಿಯೊದ ಮೂಲಕ ರೈತರ ಮನೆಮನೆಗೆ ಮುಟ್ಟಿದರು. ವಿಶೇಷವೆಂದರೆ, ಮೇಳದ ಒಡೆಯರಾದರೂ ಹೆಚ್ಚಿನ ಹಾಡುಗಳನ್ನು ಹಾಡಿದವರು ಇವರಲ್ಲ, ಟಾಮಿ ಡಂಕನ್. ವಿಲ್ಸ್ ಪಿಟೀಲು ಹಿಡಿದು ಮುಂದೆ ನಿಂತು, ಹಾಡಿನ ನಡುವೆಯೇ ಕೇಕೆ ಹಾಕುತ್ತ, ಯಾರ ಸರದಿ ಬಂತೋ ಅವರ ಹೆಸರು ಹಿಡಿದು ಕೂಗುತ್ತಿದ್ದರು. 1935ರ ಸೆಪ್ಟೆಂಬರಿನಲ್ಲಿ ಡಲ್ಲಾಸ್ ನಗರದಲ್ಲಿ ಈ ಮೇಳದ ಮೊದಲ ಧ್ವನಿಮುದ್ರಣ ನಡೆದಾಗ ಗ್ರಾಮಫೋನ್ ಕಂಪನಿಯ ಆರ್ಟ್ ಸ್ಯಾಥರ್ಲಿ ಎಂಬುವರು, ಈ ಕೂಗಾಟದಿಂದ ವಾದ್ಯ ಮುಚ್ಚಿಹೋಗುತ್ತದೆ, ನಿಲ್ಲಿಸಿ ಎಂದರಂತೆ. ವಿಲ್ಸ್ ವಾದ ಮಾಡಲಿಲ್ಲ. ಸಾಮಾನು ಕಟ್ಟಿರೆಂದು ತಮ್ಮವರಿಗೆ ಹೇಳಿದರಂತೆ. ಸ್ಯಾಥರ್ಲಿ ಸೋತರು. ಕೂಗು ತಟ್ಟೆಯಲ್ಲಿ ಉಳಿಯಿತು. ಸ್ಟೀಲ್ ಗಿಟಾರ್ ಬಾರಿಸಿದ ಲಿಯಾನ್ ಮೆಕಾಲಿಫ್ ಅವರ ಹೆಸರು ಹಾಡಿನ ಒಳಗೇ ಸೇರಿಕೊಂಡಿತು. ವಿಲ್ಸ್ 1975ರಲ್ಲಿ ತೀರಿಕೊಂಡರು. ಇಂದಿಗೂ ಆ ತಟ್ಟೆಗಳನ್ನು ಕೇಳಿದವರಿಗೆ ಬಾರಿಸುತ್ತಿರುವವರು ಯಾರೆಂದು ಕೇಳಬೇಕಾಗಿಲ್ಲ.

ಅದೇ 1935, ಅದೇ ಸೆಪ್ಟೆಂಬರ್. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಚಿಕ್ಕ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆ ಬಂದದ್ದು ಅಲ್ಲಿಂದ. ಕಾಕತಾಳೀಯ, ನಿಜ. ಆದರೂ ಈ ಎರಡು ಸಂಗತಿಗಳನ್ನು ಮನಸ್ಸು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುತ್ತದೆ.

ನಮ್ಮ ಮುಂದಾಳುಗಳ ಹೆಸರು ಅಕ್ಷರಕ್ಕಿಳಿಯಲು ಇನ್ನೂ ಹಲವು ದಶಕಗಳು ಬೇಕಾದುವು. ಇದಕ್ಕಾಗಿ ದುಡಿದವರಲ್ಲಿ ಇಬ್ಬರು ನಮ್ಮ ನಾಗಮಂಗಲ ತಾಲ್ಲೂಕಿನವರೇ ಎಂಬ ಹೆಮ್ಮೆ ನನಗುಂಟು. ಅಂಬಲಜೀರಹಳ್ಳಿಯ ಜೀ. ಶಂ. ಪರಮಶಿವಯ್ಯನವರು ವೃತ್ತಿಗಾಯಕರನ್ನು ಹುಡುಕಿಕೊಂಡು ಊರೂರು ತಿರುಗಿದರು. ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು ಕುರಿತ ಅವರ ಗ್ರಂಥ ಇಂದಿಗೂ ಈ ದಾರಿಯಲ್ಲಿ ನಡೆಯುವವರಿಗೆ ಕೈದೀಪ. ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿ, ಹಾಡುಗಾರರ ಧ್ವನಿಯನ್ನು ಕೂಡಿಟ್ಟರು. ಅತ್ತ ಮಲೆ ಮಾದೇಶ್ವರನ ಕಥೆಯನ್ನು ಪಿ. ಕೆ. ರಾಜಶೇಖರ ಅವರು 1973ರಲ್ಲಿ ಜನಪದ ಮಹಾಕಾವ್ಯವೆಂದೇ ಹೆಸರಿಟ್ಟು ಪ್ರಕಟಿಸಿದರು.

ಮುಂದೆ ಅದೇ ಮಾದೇಶ್ವರನ ಕಾವ್ಯದ ಇನ್ನೊಂದು ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದನ್ನು ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಇಂಗ್ಲಿಷಿಗೆ ತಂದರು. 2001ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಕಟಿಸಿತು. ಆ ಗ್ರಂಥದ ಮುಖಪುಟ ನನಗೆ ಬಹಳ ಪ್ರಿಯವಾದದ್ದು. ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದವರು ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಹಾಡುಗಾರನನ್ನು ಸಂಪಾದಕರ ಮುನ್ನುಡಿಯ ಮೂಲೆಯೊಂದರಲ್ಲಿ ನೆನೆದು ಮುಗಿಸುತ್ತಿದ್ದ ಕಾಲವನ್ನು ಕಂಡವನಿಗೆ ಇದೇನು ಸಣ್ಣ ಬದಲಾವಣೆಯಲ್ಲ. ಆದರೂ ನೋಡಿ: 'ಮತ್ತು ಅವರ ಮೇಳದವರು'.

ಎಂಬತ್ತರ ದಶಕದ ಕ್ಯಾಸೆಟ್ಟುಗಳದ್ದು ಬೇರೆಯದೇ ಒಂದು ಅಧ್ಯಾಯ. ಮಳವಳ್ಳಿ ಮಹದೇವಸ್ವಾಮಿಯವರ ಕಂಠದಲ್ಲಿ ಮಂಟೇಸ್ವಾಮಿಯೂ ಮಾದಪ್ಪನೂ ಹೋಟೆಲುಗಳಿಗೆ, ಲಾರಿಗಳಿಗೆ, ಜಾತ್ರೆಯ ಅಂಗಡಿಸಾಲಿಗೆ ಬಂದರು. ತಂಬೂರಿಯ ಮುಂದಾಳೊಬ್ಬರು ಊರೂರಿಗೂ ತಿಳಿದ ಹೆಸರಾದದ್ದು ಸಂತೋಷದ ವಿಷಯ. ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆ. ರಾತ್ರಿಯೆಲ್ಲ ಹರಿಯುತ್ತಿದ್ದ ಸಾಲು ಅದಕ್ಕೆ ತಕ್ಕಂತೆ ಕುಗ್ಗಲೇಬೇಕು. ಮೊದಲು ಕತ್ತರಿ ಬೀಳುವುದು ಎಲ್ಲಿಗೆ? ಹಿಮ್ಮೇಳ ಎಳೆದು ಹಾಡುವ ಸೊಲ್ಲಿಗೆ. ಕಥೆ ಅಲ್ಲಿ ಮುಂದಕ್ಕೆ ಸಾಗುವುದಿಲ್ಲವಲ್ಲ! ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿಯೂ ಹೋಗಿ ಈಗ ಎಲ್ಲರ ಕೈಫೋನಿನಲ್ಲಿ ಅದೇ ಹಾಡು. ಕೇಳಲು ನನಗೂ ಅನುಕೂಲವೇ ಆಗಿದೆ. ದೂರುವುದು ನನ್ನ ಉದ್ದೇಶವಲ್ಲ.

ದೂರುವ ಅಧಿಕಾರವೂ ನನಗಿಲ್ಲ. ಎಪ್ಪತ್ತರ ದಶಕದಲ್ಲಿ ಎರವಲು ತಂದ ಟೇಪ್ ರೆಕಾರ್ಡರ್ ಒಂದನ್ನು ಹೊತ್ತು ನಾನು ದುದ್ದದ ಕಡೆಗೆ ಹೋಗಿದ್ದೆ. ಬಾಲ್ಯದಲ್ಲಿ ಕೇಳಿದ ಮುಂದಾಳು ಆಗ ಮುದುಕರಾಗಿದ್ದರು. ಕೆಂಪಾಚಾರಿಯ ಸಾಲನ್ನು ಹಾಡಿದರು. ಹಾಡು ಮುಗಿದ ಮೇಲೆ ನಾನು ನೋಟುಬುಕ್ಕಿನಲ್ಲಿ ಅವರ ಹೆಸರು, ವಯಸ್ಸು, ದೀಕ್ಷೆಯಾದ ಊರು, ಗುರು ಎಲ್ಲವನ್ನೂ ಕ್ರಮವಾಗಿ ಬರೆದುಕೊಂಡೆ. ಅವರು ಪಕ್ಕದಲ್ಲಿದ್ದ ಮೂವರನ್ನು ತೋರಿಸಿ, "ಇವರ ಹೆಸ್ರೂ ಬರಕೊಳ್ಳಿ ಬುದ್ಧಿ" ಎಂದರು. ಬಸ್ಸಿನ ಹೊತ್ತಾಗಿತ್ತು. ಮುಂದಿನ ಸಲ ಬಂದಾಗ ಬರೆದುಕೊಳ್ಳುತ್ತೇನೆಂದೆ. ನೋಟುಬುಕ್ಕಿನಲ್ಲಿ ಮುಂದಾಳಿನ ಹೆಸರಿನ ಕೆಳಗೆ 'ಮತ್ತು ಸಂಗಡಿಗರು' ಎಂದು ಬರೆದದ್ದು ನನ್ನ ಕೈಯೇ. ಮುಂದಿನ ಸಲ ಹೋದದ್ದು ನಾಲ್ಕು ವರ್ಷಗಳ ಮೇಲೆ. ಮುದುಕರು ಹೋಗಿಬಿಟ್ಟಿದ್ದರು. ಉಳಿದವರು ಚದುರಿಹೋಗಿದ್ದರು: ಒಬ್ಬ ಮಗನ ಮನೆಗೆಂದು ಬೆಂಗಳೂರಿಗೆ, ಇನ್ನೊಬ್ಬ ಹೆಂಡತಿಯ ಊರಿಗೆ, ಮೂರನೆಯವನ ಸುದ್ದಿ ಹೇಳುವವರೇ ಇರಲಿಲ್ಲ.

ಟೇಪು ನನ್ನಲ್ಲಿದೆ. ಕೆಂಪಾಚಾರಿಯ ತಾಯಿ ಮಗನನ್ನು ಕೊಡಲೊಲ್ಲೆನೆನ್ನುವಲ್ಲಿ ಮುದುಕರ ಉಸಿರು ಕಟ್ಟುತ್ತದೆ. ಹಿಮ್ಮೇಳ ಸೊಲ್ಲನ್ನು ಹಿಡಿದು ಒಂದು ಸುತ್ತು ಹಾಡುತ್ತದೆ, ಇನ್ನೊಂದು ಸುತ್ತು ಹಾಡುತ್ತದೆ. ಆ ನಡುವೆ ಮುದುಕರು ಮೆಚ್ಚಿಕೆಯಿಂದಲೋ, ಇನ್ನಷ್ಟು ಎಳೆ ಎಂದು ಹೇಳುವುದಕ್ಕೋ, ಯಾರನ್ನೋ ಹೆಸರು ಹಿಡಿದು ಕೂಗುತ್ತಾರೆ. ಆ ಹೊತ್ತಿಗೆ ಸರಿಯಾಗಿ ಡಿಕ್ಕಿಯ ಬಡಿತ ಬಿದ್ದು ಹೆಸರಿನ ಮೊದಲ ಭಾಗ ಮುಚ್ಚಿಹೋಗಿದೆ. ಕಡೆಯ 'ಯ್ಯಾ' ಮಾತ್ರ ಕೇಳುತ್ತದೆ. ಸಿದ್ಧಯ್ಯ ಇರಬಹುದು, ರಾಚಯ್ಯ ಇರಬಹುದು. ನಮ್ಮ ಕಡೆ ಮನೆಗೊಬ್ಬರು ಆ ಹೆಸರಿನವರು. ಎಷ್ಟೋ ಸಲ ತಿರುಗಿಸಿ ತಿರುಗಿಸಿ ಕೇಳಿದ್ದೇನೆ.