ಹಣ ಮುಟ್ಟದ ಕ್ಯಾಸೆಟ್‌ಗಳು: ಡೆಡ್‌ಹೆಡ್‌ಗಳ ಕಥೆ

ಇವತ್ತಿನ ಎಪಿಸೋಡ್ ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ಹುಟ್ಟೋದಕ್ಕೂ ಮುಂಚೆ ನಡೆದ ಒಂದು ಕಾನ್ಸರ್ಟ್, ನಿಮ್ಮ ಫೇವರಿಟ್ ಕಾನ್ಸರ್ಟ್ ಆಗೋಕೆ ಸಾಧ್ಯನಾ?

ಅಮೆರಿಕದಲ್ಲಿ ತುಂಬಾ ಜನರಿಗೆ ಹಾಗೇ ಆಗಿದೆ. ದಿನಾಂಕ 1977ರ ಮೇ 8. ಜಾಗ, ನ್ಯೂಯಾರ್ಕ್ ರಾಜ್ಯದ ಇಥಾಕಾ ಅನ್ನೋ ಊರಿನ ಕಾರ್ನೆಲ್ ಯೂನಿವರ್ಸಿಟಿ, ಅಲ್ಲಿನ ಬಾರ್ಟನ್ ಹಾಲ್. ನುಡಿಸಿದ್ದು ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ಬ್ಯಾಂಡ್. ಕಾರ್ಯಕ್ರಮ ಮುಗಿಸಿ ಹೊರಗೆ ಬಂದವರಿಗೆ ಮೇ ತಿಂಗಳಲ್ಲೂ ಹಿಮ ಬೀಳ್ತಾ ಇದ್ದದ್ದು ನೆನಪು. ಒಳಗೆ ಇದ್ದವರು ಕೆಲವು ಸಾವಿರ ಜನ. ಆದರೆ ಆ ರಾತ್ರಿಯನ್ನ ಪ್ರೀತಿಸುವವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇದು ಹೇಗಾಯ್ತು ಅನ್ನೋದೇ ಇವತ್ತಿನ ಕಥೆ.

ಈ ಬ್ಯಾಂಡ್ ಹೆಸರು ನೀವು ಕೇಳಿಲ್ಲದೇ ಇರಬಹುದು. ಜಾಕಿರ್ ಹುಸೇನ್ ಹೆಸರಂತೂ ಗೊತ್ತಿರುತ್ತೆ. ಈ ಬ್ಯಾಂಡ್‌ನ ಡ್ರಮ್ಮರ್ ಮಿಕ್ಕಿ ಹಾರ್ಟ್ ಜೊತೆ ಸೇರಿ ಅವರು 'ಪ್ಲಾನೆಟ್ ಡ್ರಮ್' ಮಾಡಿದರು, ಅದರಲ್ಲಿ ಘಟಂ ನುಡಿಸಿದ್ದು ವಿಕ್ಕು ವಿನಾಯಕರಾಮ್. ಅದಕ್ಕೆ ಗ್ರ್ಯಾಮಿ ಕೂಡ ಬಂತು.

ಗ್ರೇಟ್‌ಫುಲ್ ಡೆಡ್ ಶುರುವಾಗಿದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. 1995ರಲ್ಲಿ ಗಿಟಾರಿಸ್ಟ್ ಜೆರ್ರಿ ಗಾರ್ಸಿಯಾ ತೀರಿಕೊಳ್ಳೋವರೆಗೆ, ಮೂವತ್ತು ವರ್ಷದಲ್ಲಿ ಸುಮಾರು 2,300 ಕಾನ್ಸರ್ಟ್ ಕೊಟ್ಟರು. ಇವರ ವಿಶೇಷ ಏನಂದ್ರೆ, ಇವತ್ತು ನುಡಿಸಿದ ಪಟ್ಟಿ ನಾಳೆ ಇರಲ್ಲ. ಅದೇ ಹಾಡು ಒಂದು ದಿನ ಆರು ನಿಮಿಷಕ್ಕೆ ಮುಗಿಯುತ್ತೆ, ಇನ್ನೊಂದು ದಿನ ಇಪ್ಪತ್ತು ನಿಮಿಷ ಹರಿಯುತ್ತೆ. ನಮ್ಮ ಕಛೇರಿಗಳಲ್ಲಿ ಒಂದೇ ರಾಗ ಪ್ರತಿ ಸಲ ಹೊಸದಾಗಿ ಬೆಳೆಯುತ್ತಲ್ಲ, ಸ್ವಲ್ಪ ಹಾಗೆ. ಹಾಗಾಗಿ ಆಲ್ಬಂ ಕೊಂಡರೆ ಅಭಿಮಾನಿಗಳಿಗೆ ಸಾಕಾಗ್ತಾ ಇರಲಿಲ್ಲ. ಅವರಿಗೆ ಆ ದಿನ, ಆ ಊರಲ್ಲಿ ನುಡಿಸಿದ್ದೇ ಬೇಕು. ಈ ಅಭಿಮಾನಿಗಳಿಗೇ ಡೆಡ್‌ಹೆಡ್ ಅಂತ ಹೆಸರು.

ಎಪ್ಪತ್ತರ ದಶಕದ ಆರಂಭದಿಂದಲೇ ಕೆಲವರು ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಬರ್ತಿದ್ರು. ಬ್ಯಾಂಡ್‌ನ ಸಿಬ್ಬಂದಿ ಕೈಗೆ ಸಿಕ್ಕಿಬಿದ್ದರೆ ಟೇಪ್ ಹೋಯ್ತು ಅಂತಲೇ ಲೆಕ್ಕ. ಆದರೂ ನಿಲ್ಲಿಸಲಿಲ್ಲ. 1974ರಲ್ಲಿ 'ಡೆಡ್ ರೆಲಿಕ್ಸ್' ಅನ್ನೋ ಚಿಕ್ಕ ಪತ್ರಿಕೆ ಬಂತು. ಟೇಪ್ ವಿನಿಮಯ ಮಾಡೋರನ್ನ ಒಬ್ಬರಿಗೊಬ್ಬರು ಪರಿಚಯಿಸೋದೇ ಅದರ ಉದ್ದೇಶ. ಅದೇ ಮುಂದೆ 'ರೆಲಿಕ್ಸ್' ಅನ್ನೋ ದೊಡ್ಡ ಸಂಗೀತ ಮ್ಯಾಗಜೀನ್ ಆಯ್ತು.

ನಾನು ಬಿಕಾಂ ಓದಿದವನು. ಈ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಇವರ ಒಂದು ನಿಯಮ: ಟೇಪಿಗೆ ದುಡ್ಡು ತಗೋಬಾರದು. ನಿನ್ನ ಹತ್ತಿರ ಒಂದು ಕಾನ್ಸರ್ಟ್ ಇದೆ, ನನ್ನ ಹತ್ತಿರ ಇನ್ನೊಂದು, ಬದಲಾಯಿಸಿಕೊಳ್ಳೋಣ. ಹೊಸಬರ ಹತ್ತಿರ ಕೊಡೋಕೆ ಏನೂ ಇಲ್ಲದಿದ್ದರೆ ಖಾಲಿ ಕ್ಯಾಸೆಟ್ ಮತ್ತು ವಾಪಸ್ ಕಳಿಸೋ ಅಂಚೆ ಖರ್ಚು ಕಳಿಸಿದ್ರೆ ಸಾಕು. ಮಾರಾಟಕ್ಕೆ ಇಳಿದವರನ್ನ ಯಾರೂ ಹತ್ತಿರ ಸೇರಿಸ್ತಿರಲಿಲ್ಲ.

ಇದರ ಹಿಂದಿನ ಶ್ರಮ ಸಣ್ಣದಲ್ಲ. ಮೂರು ಗಂಟೆ ಕಾನ್ಸರ್ಟಿಗೆ ತೊಂಬತ್ತು ನಿಮಿಷದ ಎರಡು ಕ್ಯಾಸೆಟ್ ಬೇಕು. ಒಳ್ಳೆ ಕಾಪಿ ಬೇಕಂದ್ರೆ ಮೂರು ಗಂಟೆನೂ ಕೂತು, ಸೈಡ್ ತಿರುಗಿಸ್ತಾ ಕಾಪಿ ಮಾಡ್ಬೇಕು. ಕಾಪಿಯಿಂದ ಕಾಪಿ ಆದ ಹಾಗೆಲ್ಲ ಹಿನ್ನೆಲೆಯ 'ಸ್ಸ್' ಸದ್ದು ಜಾಸ್ತಿ ಆಗುತ್ತೆ. ಅದಕ್ಕೇ ಕ್ಯಾಸೆಟ್ ಒಳಗಿನ ಚೀಟಿಯಲ್ಲಿ ದಿನಾಂಕ, ಊರು, ಹಾಡುಗಳ ಕ್ರಮದ ಜೊತೆಗೆ ಇದು ಎಷ್ಟನೇ ತಲೆಮಾರಿನ ಕಾಪಿ ಅಂತಲೂ ಬರೀತಿದ್ರು. ಕ್ಯಾಸೆಟ್‌ಗೂ ಒಂದು ವಂಶವೃಕ್ಷ!

ಬ್ಯಾಂಡ್ ಏನು ಮಾಡ್ತು? ಗಾರ್ಸಿಯಾ ನಿಲುವು ಸರಳ: ನಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳುಗರದ್ದು. ಎಂಬತ್ತರ ದಶಕಕ್ಕೆ ಬರೋ ಹೊತ್ತಿಗೆ ಸಭಾಂಗಣದ ಮಧ್ಯೆ ಮೈಕ್ ಕಂಬಗಳ ಕಾಡೇ ಎದ್ದು, ಸೌಂಡ್ ಮಿಕ್ಸಿಂಗ್ ಮಾಡೋರಿಗೆ ವೇದಿಕೆ ಕಾಣದ ಹಾಗಾಯ್ತು. 1984ರ ಅಕ್ಟೋಬರ್‌ನಲ್ಲಿ, ಬರ್ಕ್ಲಿಯಲ್ಲಿ, ರೆಕಾರ್ಡ್ ಮಾಡೋರಿಗೇ ಅಂತ ಪ್ರತ್ಯೇಕ ಜಾಗ, ಪ್ರತ್ಯೇಕ ಟಿಕೆಟ್ ಶುರು ಮಾಡಿದ್ರು. ಓಡಿಸೋದು ಬಿಟ್ಟು ಚೇರ್ ಹಾಕಿ ಕೂರಿಸಿದರು. ಇದರಿಂದ ನಷ್ಟ ಆಯ್ತಾ? ಇಲ್ಲ. ಟೇಪ್ ಕೇಳಿದವರು ಟಿಕೆಟ್ ಕೊಂಡು ಬಂದರು. ತೊಂಬತ್ತರ ದಶಕದ ಹೊತ್ತಿಗೆ ಇವರು ಅಮೆರಿಕದಲ್ಲಿ ಕಾನ್ಸರ್ಟ್‌ಗಳಿಂದ ಅತಿ ಹೆಚ್ಚು ಗಳಿಸೋ ತಂಡಗಳಲ್ಲಿ ಒಂದಾಗಿದ್ರು.

ಈಗ ಕಾರ್ನೆಲ್‌ಗೆ ವಾಪಸ್ ಬರೋಣ. ಆ ರಾತ್ರಿಯ ಅತ್ಯುತ್ತಮ ರೆಕಾರ್ಡಿಂಗ್ ಮಾಡಿದ್ದು ಬ್ಯಾಂಡ್‌ನದೇ ಸೌಂಡ್ ಎಂಜಿನಿಯರ್ ಬೆಟ್ಟಿ ಕ್ಯಾಂಟರ್-ಜಾಕ್ಸನ್, ಆ ಕೆಲಸದಲ್ಲಿ ಹೆಂಗಸರೇ ಅಪರೂಪ ಆಗಿದ್ದ ಕಾಲದಲ್ಲಿ. ಮುಂದೆ ಅವರ ದಿನಗಳು ಕಷ್ಟಕ್ಕೆ ಬಿದ್ದವು. ಟೇಪ್‌ಗಳನ್ನ ಇಟ್ಟಿದ್ದ ಗೋದಾಮಿನ ಬಾಡಿಗೆ ಬಾಕಿ ಉಳಿದು, 1986ರಲ್ಲಿ ಆ ರೀಲ್‌ಗಳೆಲ್ಲ ಹರಾಜಾದವು. ಕೊಂಡವರು ಬೇರೆ ಬೇರೆ ಜನ. ಕೆಲವು ರೀಲ್ ಹಾಳಾಗೋ ಸ್ಥಿತಿಯಲ್ಲಿದ್ದಾಗ ಅಭಿಮಾನಿಗಳೇ ಮುಂದೆ ನಿಂತು ಸರಿಪಡಿಸಿ, ಕಾಪಿ ಮಾಡಿ ಹಂಚಿದ್ರು. 'ಬೆಟ್ಟಿ ಬೋರ್ಡ್ಸ್' ಅಂತಲೇ ಅವು ಹೆಸರಾದವು. ಕಾರ್ನೆಲ್ ರಾತ್ರಿ ಊರೂರು ಸುತ್ತಿದ್ದು ಹೀಗೆ.

2011ರ ಪಟ್ಟಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಧ್ವನಿಮುದ್ರಣವನ್ನ ರಾಷ್ಟ್ರೀಯ ರೆಕಾರ್ಡಿಂಗ್ ನೋಂದಣಿಗೆ ಸೇರಿಸಿತು. ಅಧಿಕೃತ ಆಲ್ಬಂ ಬಂದಿದ್ದು ಮಾತ್ರ 2017ರ ಮೇನಲ್ಲಿ, ನಲವತ್ತು ವರ್ಷದ ನಂತರ. ಗಮನಿಸಿ, ಅಂಗಡಿಗೆ ಬರೋಕೂ ಮುಂಚೆನೇ ಅದು ರಾಷ್ಟ್ರದ ಆಸ್ತಿ ಅನ್ನಿಸಿಕೊಂಡಿತ್ತು.

ಹಾಗಂತ ಎಲ್ಲವೂ ಸುಖಾಂತ್ಯ ಅಲ್ಲ. 2005ರ ನವೆಂಬರ್‌ನಲ್ಲಿ ಬ್ಯಾಂಡ್ ಕಡೆಯವರ ಕೋರಿಕೆ ಮೇರೆಗೆ ಇಂಟರ್ನೆಟ್ ಆರ್ಕೈವ್‌ನಲ್ಲಿದ್ದ ಇವರ ಕಾನ್ಸರ್ಟ್‌ಗಳ ಡೌನ್‌ಲೋಡ್ ನಿಂತುಹೋಯ್ತು. ಅಭಿಮಾನಿಗಳು ಸಿಟ್ಟಾದರು. ಕೆಲವೇ ದಿನಗಳಲ್ಲಿ ಕೇಳುಗರು ಮಾಡಿದ ರೆಕಾರ್ಡಿಂಗ್‌ಗಳು ವಾಪಸ್ ಬಂದವು. ಮಿಕ್ಸಿಂಗ್ ಬೋರ್ಡ್‌ನಿಂದ ತೆಗೆದವು ಆನ್‌ಲೈನ್‌ನಲ್ಲಿ ಕೇಳೋಕೆ ಮಾತ್ರ ಉಳಿದವು. ಸಂಗೀತ ನುಡಿಸಿದವರದ್ದಾ, ಕಾಪಾಡಿದವರದ್ದಾ ಅನ್ನೋ ಜಗಳ ಇವತ್ತಿಗೂ ಬಗೆಹರಿದಿಲ್ಲ.

ಇನ್ನೊಂದು ಮಾತು. ಕಾರ್ನೆಲ್ ನಿಜವಾಗ್ಲೂ ಅವರ ಅತ್ಯುತ್ತಮ ಕಾನ್ಸರ್ಟಾ? ಡೆಡ್‌ಹೆಡ್‌ಗಳೇ ಈ ವಿಷಯಕ್ಕೆ ಕಿತ್ತಾಡ್ತಾರೆ. ಅದೇ ತಿಂಗಳ ಬೇರೆ ರಾತ್ರಿಗಳನ್ನ ಮೇಲಿಡೋರು ಇದ್ದಾರೆ. ನನಗೆ ಅನ್ನಿಸೋದು ಇಷ್ಟು: ಚೆನ್ನಾಗಿ ನುಡಿಸಿದ್ದರಿಂದ ಒಂದು ರಾತ್ರಿ ಚೆನ್ನಾಗಿರುತ್ತೆ. ಅದು ಇತಿಹಾಸ ಆಗ್ಬೇಕಂದ್ರೆ ಯಾರಾದ್ರೂ ಒಬ್ರು ಅದನ್ನ ಎತ್ತಿಟ್ಟು ಇನ್ನೊಬ್ಬರ ಕೈಗೆ ಕೊಡಬೇಕು.

ನಿಮ್ಮ ಫೋನ್‌ನಲ್ಲೂ ಕಾನ್ಸರ್ಟ್ ವಿಡಿಯೊಗಳು ಇರುತ್ತವೆ, ಬರೀ ನಂಬರ್ ಹೆಸರಲ್ಲಿ. ಇವತ್ತು ಒಂದಕ್ಕಾದ್ರೂ ದಿನಾಂಕ, ಊರು, ಹಾಡಿದವರ ಹೆಸರು ಬರೆದಿಡಿ. ಜೊತೆಗೆ ಬಂದಿದ್ದ ಗೆಳೆಯರಿಗೆ ಒಂದು ಕಾಪಿ ಕಳಿಸಿ.

ಮುಂದಿನ ವಾರ ಸಿಗೋಣ.